ಪಕ್ಷಿಸ್ನಾನಪಾತ್ರ ವರ್ಣಮೀಮಾಂಸೆ: ಒಂದು ಪ್ರಾಥಮಿಕ ಅಧ್ಯಯನ

ಪೀಠಿಕೆ

ಕನ್ನಡ ನಾಡಿನಲ್ಲಿ ಶಾಸ್ತ್ರಗ್ರಂಥಗಳಿಗೆ ಎಂದೂ ಬರ ಬಂದಿಲ್ಲ. ಕೀರ್ತಿವರ್ಮ ದನಗಳ ಕಾಯಿಲೆಗೆ ‘ಗೋವೈದ್ಯ’ ಬರೆದ. ಮೂರನೆಯ ಮಂಗರಸ ಅಡುಗೆಗೆ ‘ಸೂಪಶಾಸ್ತ್ರ’ ಬರೆದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಂತೂ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಸ್ನಾನದ ಸುಖಕ್ಕೊಂದು ಭಾಗ, ಚಿತ್ರದ ಬಣ್ಣಗಳಿಗೊಂದು ಭಾಗ, ಹಕ್ಕಿಗಳ ವಿನೋದಕ್ಕೊಂದು ಭಾಗ ಮೀಸಲಿಟ್ಟ. ಸ್ನಾನ, ಬಣ್ಣ, ಹಕ್ಕಿ ಮೂರೂ ಒಂದೇ ಪುಸ್ತಕದಲ್ಲಿದ್ದರೂ ಅವನ್ನು ಒಂದೇ ತೊಟ್ಟಿಗಿಳಿಸುವ ಯೋಚನೆ ಆ ಮಹಾರಾಜನಿಗೆ ಹೊಳೆಯಲಿಲ್ಲ. ಹೀಗೆ ಸುಮಾರು ಒಂಬತ್ತು ಶತಮಾನಗಳಿಂದ ಬಾಯಿ ತೆರೆದುಕೊಂಡು ಕೂತಿರುವ ಸಂಶೋಧನಾ ಕಂದಕವನ್ನು ಮುಚ್ಚುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

14ನೆಯ ಶತಮಾನದ ಒಂದನೆಯ ಮಂಗರಾಜನ ಬಗ್ಗೆ ನಮಗೆ ಇನ್ನೂ ಹೆಚ್ಚಿನ ನಿರೀಕ್ಷೆಯಿತ್ತು. ಅವನ ‘ಖಗೇಂದ್ರಮಣಿದರ್ಪಣ’ ವಿಷಗಳ ಮೇಲೆಯೇ ಬರೆದ ಕೃತಿ. ಹೆಸರಿನಲ್ಲೇ ಪಕ್ಷಿರಾಜ ಗರುಡ ಕೂತಿದ್ದಾನೆ. ವಿಷವೂ ಇದೆ, ಪಕ್ಷಿಯೂ ಇದೆ. ಆದರೆ ಎನಾಮೆಲ್ ಪೇಂಟಿನ ವಿಚಾರದಲ್ಲಿ ಕವಿ ಮೌನ ತಾಳಿದ್ದಾನೆ. ಆ ಕಾಲದ ಹಕ್ಕಿಗಳು ಕೆರೆಯಲ್ಲಿ ಮೀಯುತ್ತಿದ್ದವು, ಕೆರೆಗೆ ಯಾರೂ ಎರಡು ಕೋಟ್ ಹೊಡೆಸುತ್ತಿರಲಿಲ್ಲ ಎಂಬುದು ಈ ಮೌನಕ್ಕೆ ಕಾರಣವಿರಬಹುದೆಂದು ಪ್ರಬಂಧಕಾರನ ಊಹೆ.

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಬೇಕೆಂದು ಹಿರಿಯರ ಕಟ್ಟಳೆ. ಮನೆಯ ಮುಂದೆ ನಾಲ್ಕಡಿ ಜಾಗ, ಅಟ್ಟದ ಮೇಲೆ ಅರ್ಧ ಡಬ್ಬಿ ಪೇಂಟು, ಕೈಯಲ್ಲೊಂದು ಖಾಲಿ ಭಾನುವಾರ ಇರುವವನೇ ಇಲ್ಲಿ ಅಧಿಕಾರಿ. ನರ್ಸರಿಯಿಂದ ಆಟೋದಲ್ಲಿ ತಂದಿಳಿಸಿದ, ಬೂದುಬಣ್ಣದ, ನೋಡಿದವರೆಲ್ಲ “ಇದಕ್ಕೇನಾದ್ರೂ ಬಣ್ಣ ಹೊಡೀಬಾರ್ದಾ?” ಎಂದು ಕೇಳುವ ಸಿಮೆಂಟಿನ ತೊಟ್ಟಿಯೇ ವಿಷಯ. ಅಧಿಕಾರಿಗೂ ವಿಷಯಕ್ಕೂ ಇರುವ ಸಂಬಂಧವನ್ನು ಮನೆಯವರು ಆಗಾಗ ಪ್ರಶ್ನಿಸುತ್ತಿರುತ್ತಾರೆ. ಹಕ್ಕಿ ಸಾಯದೆ ಇರುವುದು ಪ್ರಯೋಜನ.

ಅಧ್ಯಯನದ ವ್ಯಾಪ್ತಿ ಮತ್ತು ಮಿತಿ: ಪಂಜರದ ಗಿಳಿ, ಕೊಳದ ಬಾತುಕೋಳಿ ಮತ್ತು ಬಾಲ್ಕನಿಯ ಪಾರಿವಾಳಗಳನ್ನು ಈ ಅಧ್ಯಯನದಿಂದ ಹೊರಗಿಡಲಾಗಿದೆ. ಕಾಗೆಯನ್ನೂ ಹೊರಗಿಡಬೇಕೆಂದಿತ್ತು, ಅದು ಒಪ್ಪಲಿಲ್ಲ. ಅದರ ವಿಚಾರ ಮುಂದೆ ಪ್ರತ್ಯೇಕ ಪ್ರಕರಣದಲ್ಲಿ ಬರುತ್ತದೆ.

ಲಕ್ಷಣ ಪ್ರಕರಣ

ಸ್ನಾನಪಾತ್ರವೆಂದರೇನು? ಒಂದರಿಂದ ಎರಡಂಗುಲ ಆಳ ನೀರು ನಿಲ್ಲುವ, ಅಂಚು ನಿಧಾನವಾಗಿ ಇಳಿಜಾರಾಗಿರುವ, ಕಾಲಿಟ್ಟರೆ ಜಾರದ ಪಾತ್ರೆ. ಆಳ ಹೆಚ್ಚಾದರೆ ಅದಕ್ಕೆ ಅತಿವ್ಯಾಪ್ತಿ ದೋಷ ತಗಲಿ ಅದು ಬಾವಿಯಾಗುತ್ತದೆ. ನೀರೇ ಇಲ್ಲದಿದ್ದರೆ ಅವ್ಯಾಪ್ತಿ ದೋಷ ತಗಲಿ ಆಷ್ ಟ್ರೇ ಆಗುತ್ತದೆ. ಪಿಕಳಾರ ಅಂಚಿನಲ್ಲಿ ಕೂತು ಮೊದಲು ಕೊಕ್ಕನ್ನಷ್ಟೇ ಅದ್ದಿ ನೋಡುತ್ತದೆ, ಆಮೇಲೆ ಒಂದು ಹೆಜ್ಜೆ ಒಳಗಿಡುತ್ತದೆ, ಹೊಟ್ಟೆಯ ಗರಿಗಳು ನೀರಿಗೆ ತಾಗಿದ ಮೇಲಷ್ಟೇ ರೆಕ್ಕೆ ಬಡಿಯಲು ಶುರುಮಾಡುತ್ತದೆ. ಮಿಂದ ನೀರನ್ನೇ ಕುಡಿಯುತ್ತದೆ. ಕುಡಿದ ನೀರಿನಲ್ಲೇ ಮೀಯುತ್ತದೆ. ಬಚ್ಚಲು ಮತ್ತು ಅಡುಗೆಮನೆಯ ಭೇದವನ್ನು ಹಕ್ಕಿಗಳು ಅದ್ವೈತದ ಮಟ್ಟದಲ್ಲಿ ನಿವಾರಿಸಿಕೊಂಡಿರುವುದರಿಂದ ತೊಟ್ಟಿಯ ಒಳಮೈಗೆ ಬಳಿದದ್ದೆಲ್ಲ ಕೊನೆಗೆ ಹೊಟ್ಟೆಗೆ ಬಳಿದದ್ದೇ ಆಗುತ್ತದೆ. ನಮ್ಮ ಸಮಸ್ಯೆಯ ಮೂಲ ಇಲ್ಲಿದೆ.

ಪ್ರಮಾಣ ವಿಚಾರ

ಯಾವ ಬಣ್ಣ ನಿರಪಾಯಕಾರಿ ಎಂದು ತಿಳಿಯುವುದು ಹೇಗೆ? ಹಕ್ಕಿ ತೊಟ್ಟಿಯ ಪಕ್ಕ ಸತ್ತುಬಿದ್ದಿದ್ದರೆ ಅದು ಪ್ರತ್ಯಕ್ಷ ಪ್ರಮಾಣ. ಆದರೆ ಆಗ ಪ್ರಬಂಧ ತಡವಾಗಿದೆ ಎಂದರ್ಥ. ಹಕ್ಕಿ ಬರುತ್ತಿಲ್ಲ, ಆದ್ದರಿಂದ ಬಣ್ಣ ಹಿಡಿಸಿಲ್ಲ ಎಂಬುದು ಅನುಮಾನ ಪ್ರಮಾಣ. ಕಾಂಪೌಂಡಿನ ಮೇಲೆ ಬೆಕ್ಕು ಕೂತಿದ್ದರೆ ಇದೇ ಅನುಮಾನ ಹೇತ್ವಾಭಾಸವಾಗಿಬಿಡುತ್ತದೆ. ಉಳಿದದ್ದು ಶಬ್ದಪ್ರಮಾಣ, ಅಂದರೆ ಡಬ್ಬಿಯ ಮೇಲಿನ ಬರಹ.

ಡಬ್ಬಿಯ ಮುಂಭಾಗದ ದಪ್ಪಕ್ಷರವನ್ನು ಶ್ರುತಿ ಎನ್ನೋಣ, ಹಿಂಭಾಗದ ಸಣ್ಣಕ್ಷರವನ್ನು ಸ್ಮೃತಿ ಎನ್ನೋಣ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವತ್ತರ ಎಂದು ಮೀಮಾಂಸಕರು ಹೇಳುತ್ತಾರೆ. ಪೇಂಟಿನ ಅಂಗಡಿಯಲ್ಲಿ ಈ ನ್ಯಾಯ ತಲೆಕೆಳಗು. ಮುಂದೆ ‘ಇಕೋ’, ‘ಸೇಫ್’, ‘ಲೋ ವಿಒಸಿ’ ಎಂದೆಲ್ಲ ಎಲೆಯ ಚಿತ್ರದ ಸಮೇತ ಇರುತ್ತದೆ; ಹಿಂದೆ, ಸದಾ ನೀರು ನಿಲ್ಲುವ ಜಾಗಕ್ಕೆ ಬಳಸಬೇಡಿ ಎಂದು ಇರುವೆ ಸಾಲಿನಲ್ಲಿ ಇರುತ್ತದೆ. ಇಲ್ಲಿ ಇರುವೆ ಸಾಲೇ ಪ್ರಮಾಣ. ‘ಲೋ ವಿಒಸಿ’ ಎಂಬ ಮಹಾವಾಕ್ಯಕ್ಕೂ ಭಾಷ್ಯ ಬೇಕು. ಪೇಂಟು ಒಣಗುವಾಗ ಗಾಳಿಗೆ ಸೇರುವ ಆವಿ ಕಡಿಮೆ ಎಂದಷ್ಟೇ ಅದರ ಅರ್ಥ. ಒಣಗಿದ ಮೇಲೆ ನೀರಿಗೆ ಏನು ಬಿಟ್ಟುಕೊಡುತ್ತದೆ ಎಂಬುದರ ಬಗ್ಗೆ ಆ ವಾಕ್ಯ ಚಕಾರ ಎತ್ತುವುದಿಲ್ಲ.

ಆಪ್ತವಾಕ್ಯವೂ ಒಂದು ಪ್ರಮಾಣವೇ. ಅದಕ್ಕಾಗಿ ನಡೆಸಿದ ಕ್ಷೇತ್ರಕಾರ್ಯದ ಒಂದು ತುಣುಕನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

“ಹಕ್ಕಿ ನೀರು ಕುಡಿಯೋ ತೊಟ್ಟಿಗೆ ಯಾವ ಪೇಂಟ್ ಕೊಡ್ತೀರಿ?”

“ಹಕ್ಕಿಗೆ ಅಂತ ಬೇರೆ ಬರಲ್ಲ ಸಾರ್. ಇದು ತಗೊಳ್ಳಿ, ಎಕ್ಸ್‌ಟೀರಿಯರು. ಗೋಡೆಗೆ ಏಳು ವರ್ಷ ವಾರಂಟಿ.”

“ಹಕ್ಕಿಗೆ?”

“ಹಕ್ಕಿಗೆ ವಾರಂಟಿ ಯಾರು ಕೊಡ್ತಾರೆ ಸಾರ್? ನಮಗೇ ಇಲ್ಲ.”

ಇಷ್ಟು ಖಚಿತವಾದ ತಾತ್ವಿಕ ನಿಲುವನ್ನು ಪ್ರಬಂಧಕಾರ ಬೇರೆ ಯಾವ ಆಕರದಲ್ಲೂ ಕಂಡಿಲ್ಲ.

ಪೂರ್ವಪಕ್ಷ: ಎನಾಮೆಲ್ ಮತ

ಇನ್ನು ಎದುರಾಳಿಗಳ ಮತಗಳನ್ನು ಪರಿಶೀಲಿಸೋಣ. ಶಾಸ್ತ್ರದ ಪರಿಭಾಷೆಯಲ್ಲಿ ಇಂಥ ಎದುರಾಳಿಯನ್ನು ಪೂರ್ವಪಕ್ಷಿ ಎನ್ನುತ್ತಾರೆ. ಈತನಿಗೆ ರೆಕ್ಕೆ ಇರುವುದಿಲ್ಲ.

ಎನಾಮೆಲ್ ಮತ ಹುಟ್ಟುವುದು ಅಟ್ಟದಲ್ಲಿ. ಗೃಹಪ್ರವೇಶಕ್ಕೋ ದೀಪಾವಳಿಗೋ ಗೇಟಿಗೆ ಬಳಿದು ಉಳಿದ ಡಬ್ಬಿಯನ್ನು ಬಿಸಾಡಲು ಮನಸ್ಸಿಲ್ಲದವರೆಲ್ಲ ಈ ಮತದ ಅನುಯಾಯಿಗಳು. “ಚೆನ್ನಾಗೇ ಇದೆಯಲ್ಲ, ಮೇಲೆ ಕೆನೆ ಕಟ್ಟಿದೆ ಅಷ್ಟೆ” ಎಂಬುದು ಅವರ ಮೂಲಮಂತ್ರ.

ಖಂಡನೆ ಹೀಗಿದೆ. ಆ ಡಬ್ಬಿ ಎಂದಿನದು? ಮನೆಗೆ ಬಳಿಯುವ ಮತ್ತು ಅಲಂಕಾರದ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕಡ್ಡಾಯ ನಿಯಮ ಭಾರತದಲ್ಲಿ ಹೊರಬಿದ್ದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಹಳೆಯ ದಾಸ್ತಾನು ಮಾರಲು ಅದರ ಮೇಲೂ ಕಾಲಾವಕಾಶವಿತ್ತು. ಅಮೆರಿಕದವರು ಮನೆಯ ಪೇಂಟಿನ ಸೀಸಕ್ಕೆ 1978ರಲ್ಲೇ ಕಡಿವಾಣ ಹಾಕಿದ್ದರು. ಸೀಸದ ವಿಷದ ಕುರಿತು ನಮ್ಮ ಬೆಂಗಳೂರಿನಲ್ಲೇ 1999ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಗೇಟಿನ ಪೇಂಟು ಅದಕ್ಕೂ ಜಗ್ಗದೆ ಇನ್ನೂ ಹದಿನೆಂಟು ವರ್ಷ ಹೊಳೆಯಿತು. ಅದರಲ್ಲೂ ಹಳದಿ ಬಣ್ಣದ ಎನಾಮೆಲ್‌ಗಳ ಕಾಂತಿಗೆ ಬಹುಕಾಲ ಕಾರಣವಾಗಿದ್ದದ್ದು ಸೀಸದ ಕ್ರೋಮೇಟ್. ಇಷ್ಟಾಗಿಯೂ ಈ ನಿಯಮ ಮನೆಯ ಪೇಂಟಿಗೆ ಮಾತ್ರ, ಕೈಗಾರಿಕಾ ಪೇಂಟಿಗಲ್ಲ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಕ್ಕ ಡಬ್ಬಿಗೆ ಆ 90 ಗೊತ್ತೇ ಇಲ್ಲ.

ಈಗ ಒಂದು ಗಣಿತ. ಒಂದು ಗುಬ್ಬಚ್ಚಿಯ ತೂಕ ಸುಮಾರು 30 ಗ್ರಾಂ. ಓದುಗರು 60 ಕಿಲೋ ಇದ್ದಾರೆಂದಿಟ್ಟುಕೊಳ್ಳಿ. ಅಂದರೆ ಒಬ್ಬ ಓದುಗ 2000 ಗುಬ್ಬಚ್ಚಿಗೆ ಸಮ. ನಮಗೆ ‘ಇಷ್ಟೇ ಇಷ್ಟು’ ಎನಿಸುವ ಸೀಸ ಗುಬ್ಬಚ್ಚಿಯ ಮಟ್ಟಿಗೆ ಎಷ್ಟೆಂಬುದನ್ನು ಈ ಸೂತ್ರದಿಂದ ಲೆಕ್ಕ ಹಾಕಿಕೊಳ್ಳಬಹುದು. ಬಿಸಿಲಿಗೆ ಸಿಡಿದು ಎದ್ದ ಪೇಂಟಿನ ಚಕ್ಕೆಯನ್ನು ಹಕ್ಕಿ ಕೊಕ್ಕಿನಿಂದ ಎತ್ತಿ ಪರೀಕ್ಷಿಸದೆ ಬಿಡುವುದೂ ಇಲ್ಲ.

“ನನ್ನದು ಹೊಸ ಡಬ್ಬಿ, ಲೆಡ್ ಫ್ರೀ” ಎಂದು ಪೂರ್ವಪಕ್ಷಿ ಮತ್ತೆ ಎದ್ದು ನಿಂತರೆ? ಆಗಲೂ ಎರಡು ಆಕ್ಷೇಪ. ಎನಾಮೆಲ್ ಒಣಗಿದರೆ ಕನ್ನಡಿಯಂತೆ ನುಣುಪು. ಹಕ್ಕಿಯ ಕಾಲು ನಿಲ್ಲುವುದಿಲ್ಲ. ಇನ್ನು ವಾಸನೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ನಮ್ಮಂತೆ ಒಳಗೆ ಹೋಗಿ ಅದೇ ದಾರಿಯಲ್ಲಿ ಹೊರಬರುವುದಿಲ್ಲ. ಗಾಳಿಚೀಲಗಳ ಸಹಾಯದಿಂದ ಒಂದೇ ದಿಕ್ಕಿಗೆ ಸದಾ ಹರಿಯುತ್ತಿರುತ್ತದೆ. ಹಾರುವವರಿಗೆ ಇದು ವರ, ಟರ್ಪೆಂಟೈನಿನ ಆವಿ ಕುಡಿಯುವವರಿಗೆ ಶಾಪ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು ಕೆಳಗಿಳಿಸುತ್ತಿದ್ದದ್ದು ಇದೇ ಕಾರಣಕ್ಕೆ. 1986ರವರೆಗೂ ಅವು ಆ ನೌಕರಿಯಲ್ಲಿದ್ದವು. ಹೀಗೆ ಎನಾಮೆಲ್ ಮತ ನಿರಾಕೃತವಾಯಿತು. ಡಬ್ಬಿ ಪುನಃ ಅಟ್ಟ ಸೇರಿತು.

ಪೂರ್ವಪಕ್ಷ: ಎಮಲ್ಷನ್ ಮತ

ಈ ಮತದವರು ಸುಸಂಸ್ಕೃತರು, ಎಲೆಯ ಚಿತ್ರ ನೋಡಿ ಡಬ್ಬಿ ಕೊಳ್ಳುವವರು. ನೀರಿನಲ್ಲಿ ಕಲಸುವ ಪೇಂಟು, ವಾಸನೆ ಕಡಿಮೆ, ಮಳೆಗಾಲದಲ್ಲಿ ಪಾಚಿ ಹಿಡಿಯುವುದಿಲ್ಲವೆಂಬ ಭರವಸೆ ಬೇರೆ. ತೊಟ್ಟಿಗೆ ಇದಕ್ಕಿಂತ ಬೇಕೇ?

ಪಾಚಿ ಏಕೆ ಹಿಡಿಯುವುದಿಲ್ಲ ಎಂದು ಮಾತ್ರ ಈ ಮತಸ್ಥರು ಕೇಳಿಕೊಳ್ಳುವುದಿಲ್ಲ. ಪೇಂಟಿಗೆ ಹೆದರಿ ಪಾಚಿ ಓಡಿಹೋಗಿರುವುದಿಲ್ಲ, ಅದರೊಳಗೆ ಪಾಚಿ ಮತ್ತು ಬೂಷ್ಟನ್ನು ಕೊಲ್ಲುವ ಮದ್ದು ಬೆರೆಸಿರುತ್ತಾರೆ. ಡೈಯುರಾನ್, ಕಾರ್ಬೆಂಡಜಿಮ್, ಐಸೋಥಯಜೊಲಿನೋನ್ ವರ್ಗದ ರಾಸಾಯನಿಕಗಳು ಹೊರಗೋಡೆಯ ಪೇಂಟುಗಳಲ್ಲಿ ಬಳಕೆಯಲ್ಲಿವೆ. ಇವುಗಳಲ್ಲಿ ಮೊದಲನೆಯದು ಹೊಲದಲ್ಲಿ ಕಳೆನಾಶಕ, ಎರಡನೆಯದು ಶಿಲೀಂಧ್ರನಾಶಕ. ಕೆಲಸ ಮಾಡಬೇಕಾದರೆ ಅವು ಪೇಂಟಿನಿಂದ ಸ್ವಲ್ಪಸ್ವಲ್ಪವೇ ಹೊರಬರಲೇಬೇಕು. ಗೋಡೆಯಾದರೆ ಮಳೆ ತೊಳೆದುಕೊಂಡು ಹೋಗುತ್ತದೆ. ತೊಟ್ಟಿಯಲ್ಲಿ ನೀರು ನಿಂತೇ ಇರುತ್ತದೆ. ಪೇಂಟಿಗೂ ನೀರಿಗೂ ಹಗಲಿರುಳು ಸಂವಾದ. ಆದ್ದರಿಂದ ಗೋಡೆಗೆ ಯಾವುದು ಗುಣವೋ ತೊಟ್ಟಿಗೆ ಅದೇ ದೋಷ. ಅದಲ್ಲದೆ ಗೋಡೆಯ ಎಮಲ್ಷನ್ ಸದಾ ಮುಳುಗಿರಲು ಹುಟ್ಟಿದ್ದಲ್ಲ. ತಿಂಗಳೊಪ್ಪತ್ತಿನಲ್ಲಿ ಗುಳ್ಳೆ ಎದ್ದು, ಹಾಲಿನ ಕೆನೆಯಂತೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ.

ತೊಟ್ಟಿಯ ಹೊರಮೈಗೆ, ನೀರು ತಾಗದ ಕಾಲಿಗೆ ಎಮಲ್ಷನ್ ಬಳಿಯುವುದಾದರೆ ಈ ಪ್ರಬಂಧಕ್ಕೆ ತಕರಾರಿಲ್ಲ. ಸಂಧಾನದ ಮಾತಾಗಿ ಇದನ್ನು ಹೇಳಲಾಗಿದೆ.

ಇತರ ಮತಗಳು, ಸಂಕ್ಷೇಪವಾಗಿ

ಎದುರುಮನೆಯ ನಿವೃತ್ತ ಇಂಜಿನಿಯರರು ಎಪಾಕ್ಸಿ ಪಂಥದವರು. “ಕುಡಿಯೋ ನೀರಿನ ಟ್ಯಾಂಕಿಗೆ ಹೊಡೀತಾರಲ್ಲ, ಅದನ್ನೇ ಹೊಡೆಸಿಬಿಡಿ ಸ್ವಾಮಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ” ಎಂದು ಅವರು ಅಪ್ಪಣೆ ಕೊಡಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಕುಡಿಯುವ ನೀರಿಗೆಂದೇ ಪರೀಕ್ಷೆಯಾದ ಎಪಾಕ್ಸಿಯನ್ನು ಅಳತೆ ತಪ್ಪದೆ ಕಲಸಿ, ಒಂದು ವಾರ ಪೂರ್ತಿ ಗಟ್ಟಿಯಾಗಲು ಬಿಟ್ಟು, ತೊಳೆದು ಬಳಸಿದರೆ ಪೇಂಟುಗಳಲ್ಲೆಲ್ಲ ಅದೇ ಮೇಲು. ಆದರೆ ಟ್ಯಾಂಕಿನೊಳಗೆ ಕತ್ತಲೆ, ತೊಟ್ಟಿಯೊಳಗೆ ಬಿಸಿಲು. ಬಿಸಿಲಿಗೆ ಎಪಾಕ್ಸಿ ಮಂಕಾಗಿ ಸೀಮೆಸುಣ್ಣದಂತೆ ಪುಡಿ ಬಿಡುತ್ತದೆ. ಹಕ್ಕಿ ಕಾಲಿಗಾಗಿ ಮರಳು ಬೆರೆಸಬೇಕು. ಚಿಕ್ಕ ಪ್ಯಾಕೆಟ್ ಸಿಗುವುದು ದುಸ್ತರ. ಒಂದಡಿ ಅಗಲದ ತೊಟ್ಟಿಗೆ ಇಡೀ ಓವರ್‌ಹೆಡ್ ಟ್ಯಾಂಕಿನ ಸರಂಜಾಮು ಹೊಂದಿಸುವುದು ಇಂಜಿನಿಯರಿಕೆಯೇ ಹೊರತು ಭೂತದಯೆಯಲ್ಲ.

ಸುಣ್ಣದ ಸಂಪ್ರದಾಯ ಪ್ರಾಚೀನವಾದದ್ದು, ಅಗ್ಗದ್ದು, ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನಕ್ಕೆ ಕಲ್ಲಾಗುವಂಥದ್ದು. ಒಣಗುವ ಮುನ್ನ ನೀರು ಬಿಟ್ಟರೆ ಸುಡುವ ಕ್ಷಾರ. ಸದಾ ನೀರಿದ್ದರೆ ಕರಗುತ್ತಲೇ ಇರುತ್ತದೆ. ಮುಂದಕ್ಕೆ ಹೋಗೋಣ.

ವರ್ಣ ಪ್ರಕರಣ

“ರೀ, ಯಾವುದೋ ಒಂದು ಹೊಡೀರಿ, ಆದ್ರೆ ನೀಲಿ ಇರಲಿ, ನೋಡೋಕೆ ಚೆಂದ” ಎಂಬ ಮನೆಯೊಳಗಿನ ಅಭಿಪ್ರಾಯವನ್ನು ಶಾಸ್ತ್ರ ಕಡೆಗಣಿಸುವಂತಿಲ್ಲ. ಆದರೆ ಯಾರಿಗೆ ಚೆಂದ? ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಹಕ್ಕಿಗಳಲ್ಲಿ ನಾಲ್ಕು ಬಗೆ. ಅನೇಕ ಹಾಡುಹಕ್ಕಿಗಳು ನಮಗೆ ಕಾಣದ ನೇರಳಾತೀತ ಬೆಳಕನ್ನೂ ಕಾಣುತ್ತವೆ. ಬಿಳಿ ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಈ ನೇರಳಾತೀತವನ್ನು ನುಂಗಿಬಿಡುತ್ತದೆ. ಅಂದರೆ ನಾವು ಶುಭ್ರ ಬಿಳಿಯೆಂದು ಬಳಿದದ್ದು ಹಕ್ಕಿಯ ಕಣ್ಣಿಗೆ ಬಿಳಿಯೇ ಅಲ್ಲ; ಒಂದು ಪಾಲು ಕಡಿಮೆಯಾದ, ಹೆಸರಿಲ್ಲದ ಇನ್ಯಾವುದೋ ಬಣ್ಣ. ಶೇಡ್ ಕಾರ್ಡ್ ಹಿಡಿದು ಗಂಡಹೆಂಡಿರು ಅರ್ಧ ದಿನ ಜಗಳವಾಡಿ ಆರಿಸಿದ ಬಣ್ಣವನ್ನು ಗೊರವಂಕ ನೋಡುವುದೇ ಇಲ್ಲ, ಅದು ನೋಡುವುದು ಬೇರೆಯದನ್ನೇ. ಕಲಾವಿಮರ್ಶೆಯ ಚರಿತ್ರೆಯಲ್ಲಿ ಕೃತಿ ಮತ್ತು ಸಹೃದಯನ ನಡುವೆ ಇಷ್ಟು ದೊಡ್ಡ ಬಿರುಕು ಇನ್ನೊಂದಿರಲಿಕ್ಕಿಲ್ಲ.

ಹಕ್ಕಿಗೆ ಗೊತ್ತಾಗುವುದು ಕಾವು. ಕಡುಬಣ್ಣ ಬಿಸಿಲು ಹೀರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಕಪ್ಪು ತೊಟ್ಟಿ ಇಟ್ಟರೆ ಸ್ನಾನಕ್ಕಿಂತ ಹಬೆಗೆ ಅನುಕೂಲ. ತೊಟ್ಟಿ ನೆರಳಲ್ಲಿದ್ದರೆ ಈ ಚರ್ಚೆಯ ಮುಕ್ಕಾಲು ಪಾಲು ಅನವಶ್ಯಕ.

ಕಾಕ ಪ್ರಕರಣ

ಮೇಲಿನ ಸಿದ್ಧಾಂತಗಳನ್ನೆಲ್ಲ ಕಾಗೆ ಕಲಕಿಬಿಡುತ್ತದೆ. ಅದಕ್ಕೆ ಸ್ನಾನ ಗೌಣ, ಪಾಕ ಮುಖ್ಯ. ಒಣಗಿದ ರೊಟ್ಟಿ, ಬನ್ನಿನ ತುಂಡು, ಎಲ್ಲಿಂದಲೋ ಎತ್ತಿ ತಂದ ಎಲುಬು, ಎಲ್ಲವನ್ನೂ ತೊಟ್ಟಿಯಲ್ಲಿ ಅದ್ದಿ, ನೆನೆಸಿ, ಮೆತ್ತಗಾದ ಮೇಲೆ ತಿನ್ನುತ್ತದೆ. ಪಿತೃಪಕ್ಷದಲ್ಲಿ ಪಕ್ಕದ ಮನೆಯವರು ಭಕ್ತಿಯಿಂದ ಇಟ್ಟ ಉದ್ದಿನವಡೆಯನ್ನು ಕಚ್ಚಿಕೊಂಡು ಬಂದು ನಮ್ಮ ತೊಟ್ಟಿಯಲ್ಲಿ ಮುಳುಗಿಸಿ, ತೂತಿನೊಳಗೆ ಕೊಕ್ಕು ಹಾಕಿ ತಿರುಗಿಸಿ, ಅರ್ಧ ತಿಂದು, ಉಳಿದದ್ದನ್ನು ಎಣ್ಣೆಯ ಪಸೆಯ ಸಮೇತ ಅಲ್ಲೇ ಬಿಟ್ಟು ಹೋದದ್ದನ್ನು ಪ್ರಬಂಧಕಾರ ಕಣ್ಣಾರೆ ಕಂಡಿದ್ದಾನೆ. ಪಿತೃಗಳಿಗೆ ತೃಪ್ತಿಯಾಯಿತು, ತೊಟ್ಟಿಯನ್ನು ಉಜ್ಜುವ ಕೆಲಸ ನಮಗೆ ಬಂತು.

ಈ ಪ್ರಕರಣದ ಶಾಸ್ತ್ರೀಯ ಮಹತ್ವ ಉಜ್ಜುವುದರಲ್ಲಿದೆ. ತೊಟ್ಟಿಯನ್ನು ತೆಂಗಿನನಾರು ಹಿಡಿದು ತಿಕ್ಕಲೇಬೇಕು. ತಿಕ್ಕಿದರೆ ಪೇಂಟು ಏಳುತ್ತದೆ. ತಿಕ್ಕದಿದ್ದರೆ ಪಾಚಿ ಏಳುತ್ತದೆ. ಮೇಲೆ ಬಳಿದ ಯಾವ ಬಣ್ಣವೂ ಈ ಉಭಯಸಂಕಟದಿಂದ ಪಾರಾಗಲಾರದು.

ಸಿದ್ಧಾಂತ

ಹಾಗಾದರೆ ಬಣ್ಣವೇ ಬೇಡವೇ? ಬೇಡ ಎಂಬುದೇ ಉತ್ತಮ ಪಕ್ಷ. ಮಿಕ್ಸಿ, ಗ್ರೈಂಡರು ಬಂದ ಮೇಲೆ ಹಿತ್ತಲಿಗೆ ಗಡೀಪಾರಾದ ಒರಳುಕಲ್ಲು ನಾಡಿನ ಎಷ್ಟೋ ಮನೆಗಳಲ್ಲಿ ಇದೆ. ಕುಳಿಗೆ ನಾಲ್ಕು ಬೆಣಚುಕಲ್ಲು ಹಾಕಿ ಆಳ ತಗ್ಗಿಸಿ ನೀರು ತುಂಬಿದರೆ ಅಷ್ಟೇ. ತಲೆಮಾರುಗಟ್ಟಲೆ ನಮ್ಮ ದೋಸೆಹಿಟ್ಟನ್ನು ಸಹಿಸಿದ ಕಲ್ಲಿಗೆ ಬೇರೆ ಸರ್ಟಿಫಿಕೇಟು ಬೇಕಿಲ್ಲ. ಕುಂಬಾರರ ಮಣ್ಣಿನ ಅಗಲ ತಟ್ಟೆಯೂ ಆದೀತು.

ಬಣ್ಣ ಬೇಕೇ ಬೇಕೆಂಬ ಮಧ್ಯಮಾಧಿಕಾರಿಗೆ ನಮ್ಮ ಹಳೆಯ ಮನೆಗಳ ನೆಲವೇ ಗುರು. ರೆಡ್ ಆಕ್ಸೈಡ್ ನೆಲಕ್ಕೆ ಗಾರೆಯವರು ಪೇಂಟು ಬಳಿಯುತ್ತಿರಲಿಲ್ಲ, ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಸಿಮೆಂಟಿಗೇ ಕಲಸಿ ಮೇಲ್ಪದರ ಹಾಕುತ್ತಿದ್ದರು. ಬಣ್ಣ ಮೈಯಲ್ಲೇ ಇರುವುದರಿಂದ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ದೇವಸ್ಥಾನದ ಗೋಡೆಗೆ ಪಟ್ಟೆ ಹೊಡೆಯುವ ಕೆಮ್ಮಣ್ಣಿನ ಕೆಂಪೂ, ಕರಾವಳಿಯ ಕಾವಿ ಚಿತ್ರದ ಕೆಂಪೂ ಇದೇ ಕಬ್ಬಿಣದ ಆಕ್ಸೈಡು. ನೀರಿನಲ್ಲಿ ಕರಗದು, ಬಿಸಿಲಿಗೆ ಮಾಸದು. ತೊಟ್ಟಿಯ ಒಳಮೈಗೂ ಹಾಗೆಯೇ ತೆಳ್ಳಗೆ ಒಂದು ಪದರ ಹಾಕಿಸಬಹುದು. ಆದರೆ ನೆಲಕ್ಕೆ ಮಾಡುವಂತೆ ನುಣ್ಣಗೆ ಪಾಲಿಶ್ ಮಾಡಬೇಡಿ ಎಂದು ಮೇಸ್ತ್ರಿಗೆ ಮೊದಲೇ ಹೇಳಬೇಕು. ಅವರಿಗೆ ಬೇಸರವಾಗುತ್ತದೆ, ಆಗಲಿ.

ಇಲ್ಲೊಂದು ಪಾಠಾಂತರದ ಸಮಸ್ಯೆಯಿದೆ. ಮೇಸ್ತ್ರಿ ಬರೆದುಕೊಟ್ಟ ಚೀಟಿಯಲ್ಲಿ ‘ರೆಡ್ 1 ಕೆಜಿ’ ಎಂದಷ್ಟೇ ಇದ್ದರೆ ಮೂರು ಪಾಠಗಳು ಸಾಧ್ಯ. ರೆಡ್ ಆಕ್ಸೈಡ್ ಪುಡಿ ಶುದ್ಧಪಾಠ. ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣದ ಕಿಟಕಿಗೆ ಹೊಡೆಯುವ ಎಣ್ಣೆಪೇಂಟು. ತುಕ್ಕು ತಡೆಯುವ ಇಂಥ ಪ್ರೈಮರುಗಳಲ್ಲಿ ಹಕ್ಕಿಗಳಿಗೆ ಆಗದ ಸತುವು ಸೇರಿರುವುದುಂಟು. ಇನ್ನು ರೆಡ್ ಲೆಡ್ ಎಂಬುದು ಸಾಕ್ಷಾತ್ ಸೀಸದ ಆಕ್ಸೈಡು. ಮೂರೂ ಕೆಂಪೇ. ಗ್ರಂಥಸಂಪಾದನೆಯಲ್ಲಿ ಒಂದಕ್ಷರ ತಪ್ಪಿದರೆ ವಿದ್ವಾಂಸರ ಮಾನ ಹೋಗುತ್ತದೆ. ಇಲ್ಲಿ ಪ್ರಾಣ ಹೋಗುತ್ತದೆ. ಆದ್ದರಿಂದ ‘ನೆಲಕ್ಕೆ ಹಾಕೋ ಪುಡಿ’ ಎಂದೇ ಕೇಳಿ ಪಡೆಯತಕ್ಕದ್ದು.

ಹೊಸ ಸಿಮೆಂಟು ತಾನೇ ಸಾಧುವಲ್ಲ ಎಂಬುದನ್ನೂ ಮರೆಯಬಾರದು. ಅದರಿಂದ ಸುಣ್ಣ ಬಿಟ್ಟುಕೊಂಡು ನೀರು ಕ್ಷಾರವಾಗುತ್ತದೆ. ತುಂಬಿ, ಚೆಲ್ಲಿ, ಮತ್ತೆ ತುಂಬಿ ಮೂರು ನಾಲ್ಕು ವಾರ ಕಳೆಯಬೇಕು. ಸಾಕಾಯಿತೇ ಎಂದು ತಿಳಿಯಲು ಪ್ರಯೋಗಾಲಯ ನಮ್ಮ ದೇವರಮನೆಯಲ್ಲೇ ಇದೆ. ತೊಟ್ಟಿಯಲ್ಲಿ ಒಂದು ದಿನ ನಿಂತ ನೀರನ್ನು ಸ್ಟೀಲ್ ಲೋಟಕ್ಕೆ ತೆಗೆದುಕೊಂಡು ಚಿಟಿಕೆ ಅರಿಶಿನ ಹಾಕಿ. ಆರತಿ ನೀರಿನ ಹಾಗೆ ಕೆಂಪಾದರೆ ಸುಣ್ಣ ಇನ್ನೂ ಬಿಡುತ್ತಿದೆ; ಹಳದಿಯಾಗಿಯೇ ಉಳಿದರೆ ಹಕ್ಕಿಗಳಿಗೆ ಆಹ್ವಾನ ಕಳಿಸಬಹುದು.

ಒಂದು ಆಕ್ಷೇಪ, ಒಂದು ಸಮಾಧಾನ

“ಸೊಳ್ಳೆ?” ಎಂದು ಆರೋಗ್ಯ ಇಲಾಖೆಯ ಪೂರ್ವಪಕ್ಷಿ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ತೆಗೆದುಕೊಳ್ಳುವುದು ಸುಮಾರು ಒಂದು ವಾರದಿಂದ ಹತ್ತು ದಿನ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಅದಕ್ಕೆ ಸಮಯ ಸಾಲದು. ಆದರೆ ಮೊಟ್ಟೆಗಳು ಅಂಚಿಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವಾದ್ದರಿಂದ ವಾರಕ್ಕೊಮ್ಮೆ ತಿಕ್ಕುವುದು ಅನಿವಾರ್ಯ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಸಾಕುವ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಗೊತ್ತುಮಾಡಿತು. ಹಕ್ಕಿಗೆ ನೀರಿಟ್ಟೆ ಎಂಬ ಪುಣ್ಯವನ್ನು ಈ ದಂಡದಲ್ಲಿ ವಜಾ ಮಾಡಿಕೊಳ್ಳುವ ಅವಕಾಶ ನಿಯಮದಲ್ಲಿಲ್ಲ.

ಕೊನೆಯದಾಗಿ ಮುಹೂರ್ತ. ತೊಟ್ಟಿ ಮಾಡಿಸುವವರು ಸಂಕ್ರಾಂತಿ ಕಳೆಯುತ್ತಿದ್ದಂತೆ ಗಾರೆಯವರನ್ನು ಕರೆಸಿ. ಬೇಸಿಗೆ ಬಂದ ಮೇಲೆ ಕರೆದರೆ ಸುಣ್ಣ ಬಿಡುವಷ್ಟರಲ್ಲಿ ಮಳೆಗಾಲ ಹತ್ತಿರವಾಗಿರುತ್ತದೆ. ಈಗಲೇ ತಡವಾಗಿದೆ ಎನ್ನುವವರು ಹಿತ್ತಲಿಗೆ ಹೋಗಿ ಒರಳು ಎಲ್ಲಿದೆ ನೋಡಿ. ಅಟ್ಟದ ಮೇಲಿನ ಡಬ್ಬಿಯನ್ನು ಮಾತ್ರ ದಯವಿಟ್ಟು ಇಳಿಸಬೇಡಿ.